ನಿಲ್ಲಿಸಿದ ಸವಾರಿ, ಮುಗಿಸಿದ ಸವಾರಿ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ದೀರ್ಘವಾದ ಪತ್ರವೊಂದು ಬಂದಿತು. 1991ರಲ್ಲಿ ತರೀಕೆರೆಯಲ್ಲಿ ನನ್ನ ಬಳಿ ಹತ್ತನೆಯ ತರಗತಿಯ ಗಣಿತ ಕಲಿತವನು. ಈಗ ಅವನ ಮಗನಿಗೇ ಇಪ್ಪತ್ತೆರಡು ವರ್ಷ. ಆ ಹುಡುಗ ಮೋಟಾರ್ ಸೈಕಲ್ಲಿನಲ್ಲಿ ಒಂದೇ ದಿನಕ್ಕೆ ಸಾವಿರದ ಆರುನೂರು ಕಿಲೋಮೀಟರ್ ಓಡಿಸುತ್ತೇನೆಂದು ಹಟ ಹಿಡಿದಿದ್ದಾನಂತೆ. ಮನೆಯಲ್ಲಿ ತಾಯಿ ಊಟ ಬಿಟ್ಟಿದ್ದಾಳಂತೆ. "ಮೇಷ್ಟ್ರೇ, ನಿಮ್ಮ ಮನೆಯಲ್ಲೂ ಒಬ್ಬರು ಇದನ್ನು ಮಾಡಿದ್ದಾರೆಂದು ಕೇಳಿದ್ದೇನೆ. ನೀವು ಒಂದು ಮಾತು ಹೇಳಿದರೆ ಅವನು ಬಿಟ್ಟಾನು" ಎಂದು ಬರೆದಿದ್ದಾನೆ.

ಅವನಿಗೆ ಎರಡು ಸಾಲಿನಲ್ಲಿ ಉತ್ತರ ಬರೆಯಲು ನನ್ನಿಂದಾಗಲಿಲ್ಲ. ಆದ್ದರಿಂದ ಇಲ್ಲಿಯೇ ವಿವರವಾಗಿ ಬರೆಯುತ್ತಿದ್ದೇನೆ. ಇದರಲ್ಲಿ ನಮ್ಮ ಕುಟುಂಬದ ಹಳೆಯ ದುಃಖವೊಂದು ಸೇರಿದೆ. ಬಂಧುಗಳಲ್ಲಿ ಹಿರಿಯರಿಗೆ ಅದು ಗೊತ್ತು. ಕಿರಿಯರಿಗೂ ಗೊತ್ತಿರುವುದು ಒಳ್ಳೆಯದೆಂದು ಈಗ ತೋರುತ್ತಿದೆ.

ನನಗೆ ಒಬ್ಬನೇ ತಮ್ಮ. 1985ರಲ್ಲಿ ಅವನು ಒಂದು ಹಳೆಯ ಯೆಜ್ಡಿ ಕೊಂಡ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಆ ಗಾಡಿಯನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಕಿಕ್ ಹೊಡೆಯುವ ಸನ್ನೆಯನ್ನೇ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್ ಆಗುತ್ತಿತ್ತು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕಿತ್ತು. ಅಜ್ಜಂಪುರದ ನಮ್ಮ ಮನೆಯಂಗಳದಲ್ಲಿ ಅದರ ಸದ್ದು ಕೇಳಿದರೆ ಬೀದಿಯ ಮಕ್ಕಳೆಲ್ಲ ಓಡಿಬರುತ್ತಿದ್ದರು. 1996ರಲ್ಲಿ ಆ ಕಾರ್ಖಾನೆಯೇ ಮುಚ್ಚಿತು. ನಮ್ಮ ಮನೆಯ ಯೆಜ್ಡಿಯ ಸದ್ದು ಅದಕ್ಕೆ ಎಂಟು ವರ್ಷ ಮೊದಲೇ ನಿಂತಿತ್ತು.

1988ರ ಫೆಬ್ರವರಿಯಲ್ಲಿ ಕಡೂರಿನಲ್ಲಿ ಅವನ ಸ್ನೇಹಿತನ ಮದುವೆ. ಚಪ್ಪರ, ಅಡಿಗೆ, ಓಡಾಟ ಎಂದು ಎರಡು ರಾತ್ರಿ ಅವನು ಕಣ್ಣು ಮುಚ್ಚಿರಲಿಲ್ಲ. ಮರುದಿನ ತರೀಕೆರೆಯ ನನ್ನ ಬಾಡಿಗೆ ಮನೆಯಲ್ಲಿ ನಮ್ಮ ತಂದೆಯವರ ತಿಥಿ. ಮದುವೆಮನೆಯ ಪಕ್ಕದ ಅಂಗಡಿಗೆ ನಾನೇ ಫೋನು ಮಾಡಿ, "ಬೆಳಿಗ್ಗೆ ಏಳು ಗಂಟೆಗೆ ಸರಿಯಾಗಿ ಮನೆಯಲ್ಲಿರಬೇಕು, ಪುರೋಹಿತರು ಕಾಯುವುದಿಲ್ಲ" ಎಂದು ಗದರಿದೆ. ಕಡೂರಿನಿಂದ ತರೀಕೆರೆಗೆ ನಲವತ್ತು ಕಿಲೋಮೀಟರ್ ಕೂಡ ಇಲ್ಲ. ನಸುಕಿನಲ್ಲಿ ಹೊರಟವನು ಬೀರೂರು ದಾಟಿದ. ಆಮೇಲೆ ರಸ್ತೆ ಬದಿಯ ಹುಣಿಸೆಮರಕ್ಕೆ ಹೋಗಿ ಬಡಿದ. ಎದುರಿನಿಂದ ಯಾವ ಗಾಡಿಯೂ ಬಂದಿರಲಿಲ್ಲ. ರಸ್ತೆಯ ಮೇಲೆ ಬ್ರೇಕ್ ಹಾಕಿದ ಗುರುತೂ ಇರಲಿಲ್ಲ. "ನಿದ್ದೆ ಹತ್ತಿರಬೇಕು ಮೇಷ್ಟ್ರೇ" ಎಂದು ಪೋಲೀಸಿನವರು ಹೇಳಿದರು. ಅವನ ಮಗನಿಗೆ ಆಗ ಮೂರು ವರ್ಷ.

ಆ ಫೋನಿನ ವಿಷಯವನ್ನು ನಾನು ಇಪ್ಪತ್ತೈದು ವರ್ಷ ಯಾರಿಗೂ ಹೇಳಲಿಲ್ಲ.

ತಮ್ಮನ ಹೆಂಡತಿ ಅಜ್ಜಂಪುರದ ಮನೆಯನ್ನು ಬಿಡಲಿಲ್ಲ. ಮಗನನ್ನು ಅಲ್ಲಿಯೇ ಬೆಳೆಸಿ, ಓದಿಸಿ, ಇಂಜಿನಿಯರ್ ಮಾಡಿದಳು. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಎರಡನೆಯ ವರ್ಷವೇ ಅವನು ಮೋಟಾರ್ ಸೈಕಲ್ ಕೊಂಡ. ಅವಳು ಏನನ್ನೂ ಹೇಳಲಿಲ್ಲ, ಆದರೆ ಆ ಗಾಡಿಯನ್ನು ಒಮ್ಮೆಯೂ ಮುಟ್ಟಲಿಲ್ಲ.

2013ರ ನವೆಂಬರಿನಲ್ಲಿ ಒಂದು ಭಾನುವಾರ ಅವನು ತರೀಕೆರೆಗೆ ಬಂದು ನನ್ನ ಮುಂದೆ ಕೆಲವು ಕಾಗದಗಳನ್ನು ಹರಡಿದ. "ದೊಡ್ಡಪ್ಪ, ನನಗೆ ಒಬ್ಬರು ಸಾಕ್ಷಿ ಬೇಕು" ಎಂದ.

ಅಮೆರಿಕದಲ್ಲಿ ಐರನ್ ಬಟ್ ಅಸೋಸಿಯೇಷನ್ ಎಂಬ ಸಂಸ್ಥೆಯಿದೆ. ಹೆಸರನ್ನು ಕನ್ನಡಕ್ಕೆ ತಿರುಗಿಸಲು ನಿವೃತ್ತ ಶಿಕ್ಷಕನಾದ ನನಗೆ ಸಂಕೋಚ. ಬಹಳ ಹೊತ್ತು ಕುಳಿತರೂ ನೋಯದ ಆಸನಭಾಗ ಎಂದು ತಿಳಿದುಕೊಳ್ಳಿ. 1984ರಲ್ಲಿ ಮೊದಲು ನಡೆದ ಅವರ ದೊಡ್ಡ ಸ್ಪರ್ಧೆಯಲ್ಲಿ ಹನ್ನೊಂದು ದಿನಗಳಲ್ಲಿ ಸುಮಾರು 11,000 ಮೈಲಿ ಓಡಿಸಬೇಕಾಗುತ್ತದೆ. ಅದರ ಮೊದಲ ಮೆಟ್ಟಿಲಿಗೆ ಸ್ಯಾಡಲ್ ಸೋರ್ 1000 ಎಂದು ಹೆಸರು. ಇಪ್ಪತ್ತನಾಲ್ಕು ಗಂಟೆಗಳೊಳಗೆ 1,000 ಮೈಲಿ, ಅಂದರೆ ಸುಮಾರು 1,610 ಕಿಲೋಮೀಟರ್ ಕ್ರಮಿಸಬೇಕು. ಇದು ಪಂದ್ಯವಲ್ಲ. ಹತ್ತೊಂಬತ್ತು ಗಂಟೆಗಳಲ್ಲಿ ಮುಗಿಸಿದವನಿಗೂ ಇಪ್ಪತ್ತನಾಲ್ಕು ಗಂಟೆಗೆ ಒಂದು ನಿಮಿಷ ಮೊದಲು ಮುಗಿಸಿದವನಿಗೂ ಸಿಗುವುದು ಒಂದೇ ಪ್ರಮಾಣಪತ್ರ. ಹೊರಟ ಜಾಗ, ತಿರುಗಿದ ಜಾಗ, ಮುಗಿಸಿದ ಜಾಗಗಳಿಗೆ ವೇಳೆ, ದಿನಾಂಕ, ಊರಿನ ಹೆಸರು ಇರುವ ಪೆಟ್ರೋಲ್ ಬಿಲ್ಲುಗಳೇ ದಾಖಲೆ. ಎರಡು ಬಿಲ್ಲುಗಳ ನಡುವಿನ ಅತಿ ಹತ್ತಿರದ ದಾರಿಯನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಸುತ್ತು ಬಳಸಿ ಓಡಿಸಿದೆನೆಂದರೆ ಒಪ್ಪುವುದಿಲ್ಲ. ಅವನು ತಂದಿದ್ದ ಫಾರಂನಲ್ಲಿ ಹೊರಡುವಾಗ ಮತ್ತು ಮುಗಿಸುವಾಗ ನೋಡಿದವರ ಸಹಿಗೂ ಜಾಗವಿತ್ತು.

"ಬೇಡ" ಎಂಬ ಮಾತು ನನ್ನ ಬಾಯಿಯ ತುದಿಗೆ ಬಂದಿತ್ತು. ಆದರೆ ಅವನು ಕಾಗದದ ಮೇಲೆ ಲೆಕ್ಕ ಹಾಕಿಕೊಂಡು ಬಂದಿದ್ದ. ಮೂವತ್ತನಾಲ್ಕು ವರ್ಷ ಗಣಿತ ಪಾಠ ಮಾಡಿದವನಿಗೆ ಅದೊಂದು ದೌರ್ಬಲ್ಯ. 1,610ನ್ನು 24ರಿಂದ ಭಾಗಿಸಿದರೆ ಗಂಟೆಗೆ 67 ಕಿಲೋಮೀಟರ್. ಎರಡು ಗಂಟೆ ನಿಂತರೆ ಉಳಿದ 22 ಗಂಟೆಗೆ ಸರಾಸರಿ 73. ಅಂದರೆ ಎರಡು ಗಂಟೆಗಳ ವಿಶ್ರಾಂತಿಯ ಬೆಲೆ ಗಂಟೆಗೆ ಆರು ಕಿಲೋಮೀಟರ್ ಮಾತ್ರ. "ಬಹಳ ವೇಗ ಬೇಕಿಲ್ಲ ದೊಡ್ಡಪ್ಪ, 90 ದಾಟೋದೇ ಇಲ್ಲ" ಎಂದ. ನಾನು ಒಂದೇ ಷರತ್ತು ಹಾಕಿದೆ. ಎಲ್ಲಿಯೇ ಆಗಲಿ ಕಣ್ಣು ಕೂತರೆ ಅಲ್ಲಿಯೇ ನಿಲ್ಲಿಸಬೇಕು, ಪ್ರಮಾಣಪತ್ರ ಹೋದರೂ ಚಿಂತೆಯಿಲ್ಲ. ಅವನು ಒಪ್ಪಿದ. ಅವನ ತಾಯಿಗೆ ಮಾತ್ರ ನಾವಿಬ್ಬರೂ ಹೇಳಲಿಲ್ಲ. ಅದು ನನ್ನ ಎರಡನೆಯ ತಪ್ಪು.

ಅವನು ಆರಿಸಿಕೊಂಡ ದಾರಿ ಹೀಗಿತ್ತು. ತರೀಕೆರೆಯಿಂದ ಬೀರೂರು, ಕಡೂರು, ಅರಸೀಕೆರೆ, ತಿಪಟೂರು ಮಾರ್ಗವಾಗಿ ತುಮಕೂರಿಗೆ ಸುಮಾರು 175 ಕಿಲೋಮೀಟರ್. ಅಲ್ಲಿ ಒಂದು ಬಿಲ್ಲು. ತುಮಕೂರಿನಿಂದ ಪುಣೆ ಹೆದ್ದಾರಿ ಹಿಡಿದು ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಕರಾಡ ದಾಟಿ ಸಾತಾರಾ ಸಮೀಪದವರೆಗೆ. ಅಲ್ಲಿಂದ ಅದೇ ದಾರಿಯಲ್ಲಿ ವಾಪಸು. ಹೋಗುವಾಗಲೂ ಬರುವಾಗಲೂ ಅವನು ಆ ಹುಣಿಸೆಮರದ ಜಾಗವನ್ನು ಹಾಯಬೇಕಿತ್ತು. ಬೇರೆ ಊರಿನಿಂದ ಹೊರಡಬಹುದಲ್ಲ ಎಂದು ಕೇಳಿದೆ. "ಇಲ್ಲಿಂದಲೇ ಹೊರಡಬೇಕು" ಎಂದನೇ ಹೊರತು ಕಾರಣ ಹೇಳಲಿಲ್ಲ.

ಡಿಸೆಂಬರಿನ ಒಂದು ಶನಿವಾರ ಬೆಳಗಿನ ಜಾವ ನಾಲ್ಕಕ್ಕೆ ಹೆದ್ದಾರಿಯ ಬಂಕಿನಲ್ಲಿ ಪೆಟ್ರೋಲ್ ತುಂಬಿಸಿ, ಬಿಲ್ಲು ಪಡೆದು ಹೊರಟ. ಬಂಕಿನ ಹುಡುಗರಿಗೆ ಕಂಪ್ಯೂಟರ್ ಬಿಲ್ಲೇ ಬೇಕೆಂದು ಒಪ್ಪಿಸುವಷ್ಟರಲ್ಲಿ ಹತ್ತು ನಿಮಿಷ ಹೋಯಿತು. ಹಿಂದಿನ ದಿನ ಅವನು ಬೆಂಗಳೂರಿನಲ್ಲಿ ಸಂಜೆಯವರೆಗೆ ಕೆಲಸ ಮಾಡಿ, ರಾತ್ರಿ ಗಾಡಿ ಓಡಿಸಿಕೊಂಡು ಬಂದು, ಮೂರೂವರೆ ಗಂಟೆಯಷ್ಟೇ ಮಲಗಿದ್ದ. ಅದನ್ನು ನೋಡಿಯೂ ನಾನು ಸಹಿ ಹಾಕಿದೆ.

ಪ್ರತಿ ಊರಿನಿಂದ ಒಂದು ಸಂದೇಶ ಬರುತ್ತಿತ್ತು. ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಹುಬ್ಬಳ್ಳಿಯವರೆಗೆ ಎಲ್ಲವೂ ವೇಳೆಗೆ ಸರಿಯಾಗಿತ್ತು. ಹುಬ್ಬಳ್ಳಿ-ಧಾರವಾಡ ಬೈಪಾಸು ಆಗ ಎರಡೇ ಪಥದ ರಸ್ತೆ. ಅಲ್ಲಿ ಲಾರಿಗಳ ಹಿಂದೆ ನಿಧಾನವಾಯಿತು. ಕೊಲ್ಹಾಪುರದ ಬಳಿ ಪಂಕ್ಚರ್ ಆಗಿ ಒಂದು ಗಂಟೆ ಹೋಯಿತು. ವಾಪಸು ಬರುವಾಗ ರಾತ್ರಿ ಒಂದಕ್ಕೆ ಕಾಲು ಗಂಟೆ ಇರುವಾಗ ಹಿರಿಯೂರಿನಿಂದ ಫೋನು ಬಂದಿತು. ಉಳಿದದ್ದು ಸುಮಾರು 265 ಕಿಲೋಮೀಟರ್, ಕೈಯಲ್ಲಿದ್ದ ಸಮಯ ಮೂರೂಕಾಲು ಗಂಟೆ. ಎಲ್ಲಿಯೂ ನಿಲ್ಲದೆ ಓಡಿಸಿದರೆ ಅಂಚಿನಲ್ಲಿ ಸಿಗಬಹುದಾದ ಲೆಕ್ಕ ಅದು.

"ದೊಡ್ಡಪ್ಪ, ಚಿತ್ರದುರ್ಗ ದಾಟಿದ್ದು ನೆನಪಿದೆ. ಆಮೇಲೆ ಸ್ವಲ್ಪ ದೂರ ಏನೂ ನೆನಪಿಲ್ಲ" ಎಂದ. "ಇಲ್ಲೊಂದು ಡಾಬಾ ಇದೆ. ಹಗ್ಗದ ಮಂಚ ಇದೆ. ಮಲಗ್ತೀನಿ."

"ಮಲಗು ಮಗು" ಎಂದೆ. ಫೋನು ಇಟ್ಟ ಮೇಲೆ ನಾನು ಬಹಳ ಹೊತ್ತು ಒಬ್ಬನೇ ಕುಳಿತು ಅತ್ತೆ. ಇಪ್ಪತ್ತೈದು ವರ್ಷಗಳ ಹಿಂದೆ ಕಡೂರಿನ ಆ ಅಂಗಡಿಯ ಫೋನಿನಲ್ಲಿ ಇದೇ ಎರಡು ಶಬ್ದ ಹೇಳಿದ್ದರೆ ಸಾಕಾಗಿತ್ತು.

ಅವನು ಏಳುವಾಗ ಬೆಳಗಿನ ಐದು ಗಂಟೆ. ಇಪ್ಪತ್ತನಾಲ್ಕು ಗಂಟೆಗಳ ಗಡುವು ಮುಗಿದಿತ್ತು. ಇನ್ನು ತುಮಕೂರಿಗೆ ಹೋಗಬೇಕಾದ ಅಗತ್ಯವಿರಲಿಲ್ಲ. ಹಿರಿಯೂರಿನಿಂದ ಹೊಸದುರ್ಗದ ಮೇಲೆ ನೇರವಾಗಿ ಅಜ್ಜಂಪುರಕ್ಕೆ ಹೋಗಿ ತಾಯಿಯ ಬಾಗಿಲು ತಟ್ಟಿದ. ಧೂಳು ಮೆತ್ತಿದ ಮುಖ, ಕೆಂಪು ಕಣ್ಣು ನೋಡಿದವಳಿಗೆ ಸುಳ್ಳು ಹೇಳಲು ಅವನಿಂದಾಗಲಿಲ್ಲ. ನಾನು ಮೊದಲ ಬಸ್ಸು ಹಿಡಿದು ಅಲ್ಲಿಗೆ ತಲುಪುವಷ್ಟರಲ್ಲಿ ಅವಳಿಗೆ ಎಲ್ಲವೂ ತಿಳಿದಿತ್ತು. ಬೈಗುಳ ಕೇಳಲು ಸಿದ್ಧನಾಗಿ ಹೋಗಿದ್ದೆ. ಅವಳು ಕಾಫಿ ತಂದಿಟ್ಟು ಎದುರಿಗೆ ಕುಳಿತಳು.

ಆ ದಿನ ನಾನು 1988ರ ಫೋನಿನ ವಿಷಯವನ್ನೂ ಹೇಳಿದೆ. "ನೋಡಮ್ಮ, ಅವನನ್ನು ಅವಸರ ಮಾಡಿದವನು ನಾನು" ಎಂದೆ. ಅವಳು ತಲೆ ತಗ್ಗಿಸಿಕೊಂಡೇ ಇದ್ದಳು. "ನನಗೆ ಗೊತ್ತಿತ್ತು ಭಾವ. ಅಂಗಡಿಯವರೇ ಹೇಳಿದ್ರು. ನೀವಾಗಿಯೇ ಹೇಳ್ತೀರಿ ಅಂತ ಕಾಯ್ತಿದ್ದೆ" ಎಂದಳು. ಸ್ವಲ್ಪ ಹೊತ್ತಾದ ಮೇಲೆ, ಒಳಗೆ ಗಾಢನಿದ್ರೆಯಲ್ಲಿದ್ದ ಮಗನ ಕಡೆ ನೋಡಿ, "ಇವನು ನಿಲ್ಲಿಸಿದನಲ್ಲ" ಎಂದಳು. ಮತ್ತೆ ಹೋಗಬೇಕೆಂದಿದ್ದರೆ ಹೋಗಲಿ, ಆದರೆ ಈ ಮನೆಯಿಂದ ನಿದ್ದೆ ಮಾಡಿ ಹೋಗಲಿ ಎಂಬುದು ಅವಳ ತೀರ್ಮಾನ.

ಅಜ್ಜಂಪುರದವರಿಗೆ ದೂರದ ಓಟದ ಕಥೆ ಹೊಸದಲ್ಲ. ಅಲ್ಲಿನ ಅಮೃತಮಹಲ್ ತಳಿ ಕೇಂದ್ರದ ರಾಸುಗಳನ್ನು ನೋಡುತ್ತಲೇ ನಾವು ಬೆಳೆದವರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದಿದ್ದ ಆ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ. ಈ ಎತ್ತುಗಳ ಬಲದಿಂದಲೇ ಹೈದರಾಲಿ ಚಿದಂಬರದ ರಕ್ಷಣೆಗಾಗಿ ಎರಡೂವರೆ ದಿನಗಳಲ್ಲಿ ನೂರು ಮೈಲಿ ಸಾಗಿದನೆಂದೂ, ಟಿಪ್ಪು ಎರಡು ದಿನಗಳಲ್ಲಿ 63 ಮೈಲಿ ಕ್ರಮಿಸಿದನೆಂದೂ ರೈಸ್ ಅವರ ಮೈಸೂರು ಗೆಜೆಟಿಯರ್ ದಾಖಲಿಸಿದೆ. ಬಾಲ್ಯದಲ್ಲಿ ನಾವು ಹೆಮ್ಮೆಪಟ್ಟದ್ದು ಆ ಓಟದ ಬಗ್ಗೆ. ಅದರ ಹಿಂದಿನ ವ್ಯವಸ್ಥೆ ನನಗೆ ಅರ್ಥವಾದದ್ದು ದೊಡ್ಡವನಾದ ಮೇಲೆ. ಆ ರಾಸುಗಳಿಗೆಂದೇ ಕಾವಲುಗಳಿದ್ದವು. ಬೇಸಿಗೆಗೆ ಒಂದು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು ಎಂದು ಋತುವಿಗೆ ತಕ್ಕಂತೆ ಹುಲ್ಲು, ನೀರು, ನೆರಳು ನೋಡಿ ಅವುಗಳನ್ನು ಸಾಗಿಸುತ್ತಿದ್ದರು. ಎರಡೂವರೆ ದಿನಗಳ ಓಟಕ್ಕೆ ವರ್ಷವಿಡೀ ಮೇಯಿಸಿದ ಕಾವಲುಗಳೇ ಆಧಾರ. ಇದನ್ನು ಹುಡುಗನಿಗೆ ಹೇಳಿದೆ. ಅವನು ನಕ್ಕು, "ಹಾಗಾದ್ರೆ ನನ್ನನ್ನೂ ಕಾವಲಿಗೆ ಬಿಡಿ" ಎಂದ.

ಎರಡನೆಯ ಬಾರಿ ಅವನು ನಿಜವಾಗಿಯೂ ಹಾಗೆಯೇ ಸಿದ್ಧನಾದ. 2014ರ ಜನವರಿಯ ಕೊನೆಯಲ್ಲಿ ಮೂರು ದಿನ ರಜೆ ಹಾಕಿ ಮೊದಲೇ ಅಜ್ಜಂಪುರಕ್ಕೆ ಬಂದ. ಮೂರು ರಾತ್ರಿ ಒಂಬತ್ತಕ್ಕೆ ಮುಂಚೆ ಮಲಗಿದ. ನಡುವೆ ನಾನು ಓದಿದ್ದನ್ನು ಅವನಿಗೆ ತೋರಿಸಿದೆ. ಆಸ್ಟ್ರೇಲಿಯದ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು 1997ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಪರೀಕ್ಷೆಯ ಪ್ರಕಾರ, ಹದಿನೇಳು ಗಂಟೆ ಎಚ್ಚರವಿದ್ದವನ ಕೈ ಕಣ್ಣುಗಳ ಹೊಂದಾಣಿಕೆ ರಕ್ತದಲ್ಲಿ ಶೇಕಡಾ 0.05 ಮದ್ಯವಿದ್ದವನ ಮಟ್ಟಕ್ಕೆ ಇಳಿಯುತ್ತದೆ. ಇಪ್ಪತ್ತನಾಲ್ಕು ಗಂಟೆಯಾದರೆ ಸುಮಾರು 0.10. ನಮ್ಮ ದೇಶದ ಕಾನೂನು ಒಪ್ಪುವ ಮಿತಿ 0.03. ಹಾಗೆಯೇ, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡು ಜೋಂಪು ಹತ್ತಿದರೆ ಗಾಡಿ ಸುಮಾರು 67 ಮೀಟರ್ ದೂರ ಸವಾರನಿಲ್ಲದೆ ಓಡುತ್ತದೆ. ಆ ಲೆಕ್ಕವನ್ನು ಅವನ ಕೈಯಲ್ಲೇ ಮಾಡಿಸಿದೆ.

ಈ ಬಾರಿ ನಿಲ್ಲುವ ಜಾಗಗಳನ್ನು ಮೊದಲೇ ಗೊತ್ತುಮಾಡಿದ. ಸುಸ್ತಾದರೂ ಆಗದಿದ್ದರೂ ಹುಬ್ಬಳ್ಳಿಯಲ್ಲಿ ರಾತ್ರಿ ನಲವತ್ತು ನಿಮಿಷ, ಶಿರಾದಲ್ಲಿ ಇಪ್ಪತ್ತೈದು ನಿಮಿಷ ಮಲಗುವುದು. ಅನ್ನದ ಊಟವಿಲ್ಲ; ಬಾಳೆಹಣ್ಣು, ಚಪಾತಿ, ನೀರು. ಕಾಫಿ ಕತ್ತಲಾದ ಮೇಲೆ ಮಾತ್ರ, ಅದನ್ನೂ ನಿದ್ದೆಗೆ ಬದಲಾಗಿ ಕುಡಿಯುವಂತಿಲ್ಲ. ಅವನ ಗಾಡಿ ಇಪ್ಪತ್ತು ಲೀಟರ್ ಟ್ಯಾಂಕಿನ ಥಂಡರ್‌ಬರ್ಡ್ 500 ಆಗಿದ್ದರಿಂದ ಪೆಟ್ರೋಲಿಗಾಗಿ ಪದೇಪದೇ ನಿಲ್ಲಬೇಕಾಗಿರಲಿಲ್ಲ.

ಹೊರಟದ್ದು ಬೆಳಗಿನ 4 ಗಂಟೆ 10 ನಿಮಿಷಕ್ಕೆ. ಹೊರಡುವ ಮುಂಚೆ ಅವನ ತಾಯಿ ಮೊದಲ ಬಾರಿಗೆ ಆ ಗಾಡಿಯ ಹತ್ತಿರ ಹೋಗಿ ಹ್ಯಾಂಡಲಿಗೆ ಕುಂಕುಮವಿಟ್ಟಳು. ಹಗಲೆಲ್ಲ ಅವಳು ನಮ್ಮ ಮನೆಯಲ್ಲೇ ಇದ್ದಳು. ನಾನು ಸಂದೇಶ ಓದಿದಾಗಲೆಲ್ಲ ಅವಳು ಕೇಳುತ್ತಿದ್ದುದು ಎಷ್ಟು ದೂರ ಬಂದ ಎಂದಲ್ಲ, ಎಷ್ಟು ಹೊತ್ತು ನಿಂತ ಎಂದು. ಹುಬ್ಬಳ್ಳಿಯಿಂದ "ಮಲಗಿ ಎದ್ದೆ" ಎಂಬ ಸಂದೇಶ ಬಂದ ಮೇಲೆ ಅವಳು ಎರಡು ತುತ್ತು ಊಟ ಮಾಡಿದಳು.

ರಾತ್ರಿ ಎರಡೂವರೆಗೆ ನಾವಿಬ್ಬರೂ ಬಂಕಿಗೆ ಹೋಗಿ ಕುಳಿತೆವು. ಚಳಿಯಿತ್ತು. ಕಡೂರು ದಾಟುವಾಗ ಅವನು ನಿಂತು ಕಳಿಸಿದ ಸಂದೇಶ ಬಂದಿತ್ತು. ಆಮೇಲಿನ ಅರ್ಧ ಗಂಟೆಯನ್ನು ನಾನು ವರ್ಣಿಸಲಾರೆ. ಬೀರೂರಿನ ಕಡೆಯಿಂದ ಬರುವ ಪ್ರತಿಯೊಂದು ಬೆಳಕನ್ನೂ ಅವಳು ಎದ್ದು ನಿಂತು ನೋಡುತ್ತಿದ್ದಳು. ಲಾರಿಯೆಂದು ತಿಳಿದ ಮೇಲೆ ಕುಳಿತುಕೊಳ್ಳುತ್ತಿದ್ದಳು. ಕೊನೆಗೆ ಒಂಟಿ ದೀಪವೊಂದು ನಿಧಾನವಾಗಿ ಬಂದು ಬಂಕಿನೊಳಕ್ಕೆ ತಿರುಗಿತು.

ಬಿಲ್ಲಿನ ಮೇಲಿನ ವೇಳೆ 3 ಗಂಟೆ 22 ನಿಮಿಷ. ಒಟ್ಟು 1,628 ಕಿಲೋಮೀಟರ್, 23 ಗಂಟೆ 12 ನಿಮಿಷ. ಬಂಕಿನ ಕ್ಯಾಷಿಯರ್ ಮತ್ತು ನಾನು ಸಹಿ ಹಾಕಿದೆವು. ಅವನಿಗೆ ಹೆಲ್ಮೆಟ್ ತೆಗೆಯಲು ಬೆರಳು ಬಾಗುತ್ತಿರಲಿಲ್ಲ. ತಾಯಿಯೇ ಪಟ್ಟಿ ಬಿಚ್ಚಿದಳು. "ಶಿರಾದಲ್ಲಿ ಮಲಗಿದೆಯಾ?" ಎಂದು ಕೇಳಿದಳು. "ಮಲಗಿದೆ ಅಮ್ಮ. ಬೀರೂರಿನಲ್ಲೂ ಐದು ನಿಮಿಷ ನಿಂತೆ, ಮುಖ ತೊಳೆದುಕೊಂಡೆ" ಎಂದ. ಆ ಐದು ನಿಮಿಷ ಅವನ ಯೋಜನೆಯಲ್ಲಿರಲಿಲ್ಲ.

ಕೆಲವು ತಿಂಗಳ ಬಳಿಕ ಅಮೆರಿಕದಿಂದ ಪ್ರಮಾಣಪತ್ರ ಬಂದಿತು. ಅಜ್ಜಂಪುರದ ಮನೆಯ ನಡುಮನೆಯಲ್ಲಿ ಅದು ತೂಗುತ್ತಿದೆ. ಅದರ ಕೆಳಗೆ ಚೌಕಟ್ಟು ಹಾಕಿಸದ ಇನ್ನೊಂದು ಕಾಗದವನ್ನು ಅವಳು ಅಂಟಿಸಿದ್ದಾಳೆ. ಅದು ಮೊದಲ ಸಲದ ನನ್ನ ನೋಟ್‌ಬುಕ್ಕಿನ ಹಾಳೆ. "ರಾತ್ರಿ 12.45, ಹಿರಿಯೂರು, ಮಲಗಿದ" ಎಂದು ಅದರ ಕೊನೆಯ ಸಾಲು. ಬಿಲ್ಲುಗಳ ಮೇಲಿನ ಅಕ್ಷರ ಒಂದೆರಡು ವರ್ಷದಲ್ಲೇ ಅಳಿಸಿಹೋಯಿತು. ನನ್ನ ಕೆಂಪು ಮಸಿ ಇನ್ನೂ ಇದೆ.

ಈಗ ನನ್ನ ವಿದ್ಯಾರ್ಥಿಯ ಪತ್ರಕ್ಕೆ ಬರುತ್ತೇನೆ. ನಿನ್ನ ಮಗನಿಗೆ ಬೆಂಗಳೂರಿನ ಸಿ. ಎಸ್. ಸಂತೋಷ್ ಅವರು ಆದರ್ಶವೆಂದು ಬರೆದಿದ್ದೀಯೆ. 2015ರಲ್ಲಿ ಡಾಕರ್ ರ‍್ಯಾಲಿಯನ್ನು 36ನೆಯ ಸ್ಥಾನದಲ್ಲಿ ಮುಗಿಸಿ, ಅದನ್ನು ಪೂರೈಸಿದ ಮೊದಲ ಭಾರತೀಯರಾದ ಅವರು ನಿಜಕ್ಕೂ ದೊಡ್ಡ ಸವಾರರು. ಅದೇ ರ‍್ಯಾಲಿಯಲ್ಲಿ 2021ರಲ್ಲಿ ಬಿದ್ದು ರಿಯಾದಿನ ಆಸ್ಪತ್ರೆಯಲ್ಲಿ ದಿನಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿದ್ದವರೂ ಅವರೇ. ಎರಡನ್ನೂ ಮಗನಿಗೆ ಹೇಳು. ಹೋಗಬೇಡವೆಂದು ನಾನು ಅವನಿಗೆ ಹೇಳಲಾರೆ. ನನ್ನ ತಮ್ಮ ತೀರಿಕೊಂಡದ್ದು ನಲವತ್ತು ಕಿಲೋಮೀಟರ್ ತುಂಬದ ದಾರಿಯಲ್ಲಿ, ಮನೆಗೆ ಬೇಗ ಬರುವ ಅವಸರದಲ್ಲಿ.

ಅವನನ್ನು ಒಂದು ಭಾನುವಾರ ನನ್ನ ಬಳಿ ಕಳಿಸು. ತಾಯಿಗೆ ತಿಳಿಸಿಯೇ ಬರಲಿ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಬಸ್ಸಿನಲ್ಲಿ ಬರಲಿ. ಅವನ ಲೆಕ್ಕವನ್ನು ನಾನು ನೋಡುತ್ತೇನೆ. ಎಷ್ಟು ವೇಗ ಎಂದು ಕೇಳುವುದಿಲ್ಲ. ಎಲ್ಲೆಲ್ಲಿ, ಎಷ್ಟೆಷ್ಟು ಹೊತ್ತು ನಿಲ್ಲುತ್ತೀಯೆ ಎಂದು ಕೇಳುತ್ತೇನೆ. ಉತ್ತರ ಸರಿಯಿದ್ದರೆ ಸಾಕ್ಷಿಯ ಸಹಿ ಹಾಕಲು ಈ ಮುದುಕ ಬೆಳಗಿನ ಜಾವಕ್ಕೂ ಎದ್ದು ಬರುತ್ತಾನೆ.